ಹೊರವಲಯದ ಮತ, ಬಿ ಫಾರಂ ಮತ್ತು ಅಮೆರಿಕದ ಲೆಕ್ಕ

ಸಿದ್ಧಾಂತದಲ್ಲಿ ತೀರಾ ಕಟ್ಟರ್ ಆದವರಿಗೆ ಟಿಕೆಟ್ ಕೊಟ್ಟರೆ ನಗರದ ಹೊರವಲಯ ಪಕ್ಷವನ್ನು ಕೈಬಿಡುತ್ತದೆ ಎಂಬ ಅಮೆರಿಕದ ಲೆಕ್ಕವನ್ನು ನಮ್ಮ ಕರಾವಳಿಗೂ ಹಚ್ಚುವವರಿದ್ದಾರೆ. ನಾನಿರುವ ಪೆನ್ಸಿಲ್ವೇನಿಯಾಕ್ಕೆ ಅದು ಸರಿ. ಮಂಗಳೂರು, ಉಡುಪಿಗೆ ಹೊಂದುವುದಿಲ್ಲ.

2022ರಲ್ಲಿ ಇಲ್ಲಿ ರಿಪಬ್ಲಿಕನ್ ಪಕ್ಷದಿಂದ ಗವರ್ನರ್ ಸ್ಥಾನಕ್ಕೆ ನಿಂತವರು ಡಗ್ ಮಾಸ್ಟ್ರಿಯಾನೊ. 2020ರ ಅಧ್ಯಕ್ಷೀಯ ಫಲಿತಾಂಶವನ್ನು ಒಪ್ಪದವರು, ಗರ್ಭಪಾತ ನಿಷೇಧಕ್ಕೆ ಯಾವ ವಿನಾಯಿತಿಯೂ ಬೇಡ ಎಂದವರು. ಅವರನ್ನು ಆರಿಸಿದ್ದು ಹೈಕಮಾಂಡ್ ಅಲ್ಲ, ಪ್ರೈಮರಿ, ಅಂದರೆ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಪಕ್ಷದ ಒಳಚುನಾವಣೆ. ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಅಲ್ಲಿ ಮತ. ಕಣದಲ್ಲಿ ಹಲವರಿದ್ದುದರಿಂದ ಶೇ. 44ರಷ್ಟು ಬಿದ್ದರೂ ಸಾಕಾಯಿತು. ನವೆಂಬರಿನಲ್ಲಿ ಎಲ್ಲರೂ ಮತ ಹಾಕಿದಾಗ ಡೆಮಾಕ್ರಾಟಿಕ್ ಪಕ್ಷದ ಜೋಶ್ ಶಪಿರೊ ಎದುರು ಶೇ. 15ರಷ್ಟು ಅಂತರದಲ್ಲಿ ಸೋತರು. ಫಿಲಡೆಲ್ಫಿಯಾದ ಹೊರವಲಯದ ಬಕ್ಸ್ ಕೌಂಟಿಯೂ ಅವರನ್ನು ತಿರಸ್ಕರಿಸಿತು. ಅದೇ ದಿನ ಬಕ್ಸ್‌ನಿಂದ ಅದೇ ಪಕ್ಷದ ಬ್ರಯನ್ ಫಿಟ್ಜ್‌ಪ್ಯಾಟ್ರಿಕ್ ಸಂಸತ್ತಿಗೆ ಗೆದ್ದರು, ಅವರು ಸೌಮ್ಯವಾದಿ. ಹಲವು ಹುದ್ದೆಗಳಿಗೆ ಮತಪತ್ರ ಒಂದೇ ಆದ್ದರಿಂದ ಯಾರನ್ನು ಬಿಡಬೇಕು, ಯಾರನ್ನು ಉಳಿಸಬೇಕು ಎಂದು ಮತದಾರ ಅಲ್ಲೇ ಸೋಸಬಹುದು. ರಾಜ್ಯದ ಕೆಳಮನೆಯೂ 102–101ರಲ್ಲಿ ಡೆಮಾಕ್ರಾಟರ ಪಾಲಾಯಿತು. ಕ್ಷೇತ್ರ ಮರುವಿಂಗಡಣೆಯೂ ಆ ವರ್ಷವೇ ಜಾರಿಗೆ ಬಂದಿದ್ದರಿಂದ ಪೂರ್ತಿ ಹೊಣೆಯನ್ನು ಮಾಸ್ಟ್ರಿಯಾನೊ ತಲೆಗೆ ಕಟ್ಟುವಂತಿಲ್ಲ.

ನಮ್ಮಲ್ಲಿ ಇವರೇ ಪಕ್ಷದ ಅಭ್ಯರ್ಥಿ ಎನ್ನುವ ಬಿ ಫಾರಂ ಮೇಲಿಂದ ಬರುತ್ತದೆ, ಮತದಾರ ಒತ್ತುವುದು ಒಂದೇ ಗುಂಡಿ. ಸುರತ್ಕಲ್, ಕಾವೂರು ಬರುವ ಮಂಗಳೂರು ನಗರ ಉತ್ತರವನ್ನೇ ನೋಡಿ. 2013ರಲ್ಲಿ ಗೆದ್ದ ಕಾಂಗ್ರೆಸ್ಸಿನ ಮೊಯ್ದಿನ್ ಬಾವಾ 2018ರಲ್ಲಿ ಸೋತರು. ನಗರ ದಕ್ಷಿಣದಲ್ಲಿ ಅದೇ ಪಕ್ಷದ ಜೆ.ಆರ್. ಲೋಬೊ ಕಥೆಯೂ ಅದೇ. ಐದು ವರ್ಷದಲ್ಲಿ ಇವರ ಸಿದ್ಧಾಂತವೇನೂ ಬದಲಾಗಿರಲಿಲ್ಲ. ದಕ್ಷಿಣ ಕನ್ನಡದ 8 ಸ್ಥಾನಗಳಲ್ಲಿ ಕಾಂಗ್ರೆಸ್ 7ರಿಂದ 1ಕ್ಕೆ ಇಳಿದಿತ್ತು. ಉಡುಪಿಯಲ್ಲಿ 2023ರಲ್ಲಿ ಬಿಜೆಪಿ ಹಾಲಿ ಶಾಸಕ ರಘುಪತಿ ಭಟ್ಟರನ್ನು ಬಿಟ್ಟು, ಹಿಜಾಬ್ ವಿವಾದದಲ್ಲಿ ಗಟ್ಟಿ ದನಿಯಲ್ಲಿ ಮಾತಾಡಿದ್ದ ಯಶ್‌ಪಾಲ್ ಸುವರ್ಣರನ್ನು ನಿಲ್ಲಿಸಿತು. ಮಣಿಪಾಲವನ್ನು ಒಳಗೊಂಡ ಆ ಕ್ಷೇತ್ರ ಅಲುಗಾಡಲಿಲ್ಲ.

ನಮ್ಮಲ್ಲಿ ಪೆಟ್ಟು ಬಿದ್ದದ್ದು ಎದುರು ದಿಕ್ಕಿನಿಂದ. 2023ರ ಪುತ್ತೂರಿನಲ್ಲಿ ಹಿಂದುತ್ವದ ಹೆಸರಲ್ಲೇ ಬಂಡಾಯವೆದ್ದ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ 62 ಸಾವಿರಕ್ಕೂ ಹೆಚ್ಚು ಮತ ಪಡೆದರು. ಬಿಜೆಪಿಯ ಆಶಾ ತಿಮ್ಮಪ್ಪ ಮೂರನೆಯ ಸ್ಥಾನಕ್ಕೆ ಬಿದ್ದರು, ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಗೆದ್ದರು. ಹಾಗೆಂದು ಕಟ್ಟರ್‌ತನವಷ್ಟೇ ಸಾಲದು. ಕಾರ್ಕಳದಲ್ಲಿ ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕರಿಗೆ ಠೇವಣಿಯೂ ಉಳಿಯಲಿಲ್ಲ. ಪುತ್ತಿಲರ ಹಿಂದೆ ಬೂತಿನ ಕಾರ್ಯಕರ್ತರೇ ಎದ್ದು ಬಂದಿದ್ದರು. ಮುತಾಲಿಕ್ ಹೊರಗಿನವರು, ಎದುರಿಗೆ ಬಿಜೆಪಿಯ ಸುನಿಲ್ ಕುಮಾರ್. ನನ್ನ ಪ್ರಕಾರ ಇಡೀ ವ್ಯತ್ಯಾಸ ಇಲ್ಲಿದೆ: ಅಲ್ಲಿ ಪ್ರೈಮರಿಯಲ್ಲಿ ತೀರುವ ಜಗಳ ನಮ್ಮಲ್ಲಿ ಇವಿಎಂವರೆಗೆ ಬರುತ್ತದೆ.

ಇದನ್ನು ಪರೀಕ್ಷಿಸಬೇಕಿದ್ದರೆ ಟಿವಿ ಚರ್ಚೆ ಬಿಟ್ಟು ಚುನಾವಣಾ ಆಯೋಗದ ಫಾರಂ 20 ತೆಗೆಯಬೇಕು. ಅದರಲ್ಲಿ ಮತಗಟ್ಟೆವಾರು ಲೆಕ್ಕ ಇರುತ್ತದೆ. 2023ರ ವಿಧಾನಸಭೆಯನ್ನೂ 2024ರ ಲೋಕಸಭೆಯನ್ನೂ ಅಕ್ಕಪಕ್ಕ ಇಟ್ಟು ಒಂದೇ ಮತಗಟ್ಟೆಯಲ್ಲಿ ಪಕ್ಷದ ಪಾಲು ಎಷ್ಟು ಸರಿಯಿತು ಎಂದು ನೋಡಬೇಕು. ಬೂತ್ ಸಂಖ್ಯೆ ನೋಡಿ ಹೊಂದಿಸಿದರೆ ಎಡವುತ್ತೀರಿ, ಅದು ಬದಲಾಗಿರಬಹುದು. ಶಾಲೆಯ ಹೆಸರು ನೋಡಿ ಹೊಂದಿಸಿ. ಅಂಚೆ ಮತಗಳು ಯಾವ ಬೂತಿಗೂ ಸೇರದೆ ಕೊನೆಯಲ್ಲಿ ಬೇರೆಯಾಗಿರುತ್ತವೆ. 2008ಕ್ಕೆ ಮುಂಚಿನ ಸುರತ್ಕಲ್ ಕ್ಷೇತ್ರದ ಅಂಕಿಗಳನ್ನು ಈ ಲೆಕ್ಕಕ್ಕೆ ತರಲೇಬೇಡಿ, ಗಡಿಯೇ ಬೇರೆ.