ಸಾರ್, ಇದು ಎಷ್ಟಾಯ್ತು?

ಶಿರಾ ಹತ್ತಿರದ ಕಗ್ಗಲಡು. ಹುಣಸೆಮರದ ತುಂಬ ಬಣ್ಣದ ಕೊಕ್ಕರೆಗಳ ಗೂಡು. ಮುಕ್ಕಾಲು ಗಂಟೆ ಕತ್ತೆತ್ತಿ ಕಾದಿದ್ದೆ. ಕೊನೆಗೂ ತಾಯಿ ಬಂತು, ಮರಿಗಳು ಕೊಕ್ಕು ತೆರೆದವು, ನನ್ನ ಬೆರಳು ಬಟನ್ ಮೇಲಿತ್ತು. ಅಷ್ಟರಲ್ಲಿ ಬೆನ್ನ ಹಿಂದಿನಿಂದ, "ಸಾರ್, ಈ ಲೆನ್ಸು ಎಷ್ಟಾಯ್ತು?"

ಏನಂತ ಹೇಳಲಿ? ನಿಜ ಹೇಳಿದರೆ, "ಅಷ್ಟು ದುಡ್ಡಿಗೆ ಎರಡು ಸೀಮೆಹಸು ಬರ್ತಿತ್ತಲ್ಲ ಸಾರ್!" ಕಮ್ಮಿ ಹೇಳಿದರೆ, "ನಮ್ಮ ಹುಡುಗನಿಗೂ ಒಂದು ಕೊಡಿಸಿ." ಸೆಕೆಂಡ್ ಹ್ಯಾಂಡು ಅಂದು ಜಾರಿಕೊಂಡರೂ ಬಿಡಲ್ಲ, "ಎಷ್ಟಕ್ಕೆ ಬಿತ್ತು?" ಪಕ್ಕದಲ್ಲಿ ಹೆಂಡತಿ ಇದ್ದರಂತೂ ಮುಗೀತು. ಅವಳಿಗೆ ಹೇಳಿರೋ ರೇಟೇ ಬೇರೆ. (ಅದರಲ್ಲಿ ಒಂದು ಸೊನ್ನೆ ಕಮ್ಮಿ ಇದೆ, ಅಷ್ಟೇ.)

ಮರದ ಮೇಲಿನ ಹಕ್ಕಿ ಬಗ್ಗೆ ಒಬ್ಬರಾದರೂ ಕೇಳಬಾರದಾ? ಸುಮ್ನೆ ನಕ್ಕು ತಿರುಗಿದೆ. ಗೂಡಿನಲ್ಲಿ ಮರಿಗಳಷ್ಟೇ ಇದ್ದವು.