ಫೇಸ್‌ಬುಕ್‌ಗಿಂತ ಹಳೇ ಕಥೆ ಇದು

ಅಮೆರಿಕದ ಸರ್ಕಾರ ವಿರೋಧಿ ಉಗ್ರ ಗುಂಪುಗಳು ಫೇಸ್‌ಬುಕ್, ಯೂಟ್ಯೂಬ್ ಬಂದ ಮೇಲೆ ಜನರನ್ನು ಸೆಳೆಯಲು ಕಲಿತವು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇಲ್ಲೊಂದು ತಕರಾರು ಇದೆ ಸರ್. 1984ರಲ್ಲೇ ಲೂಯಿಸ್ ಬೀಮ್ ಎಂಬ, ಬಿಳಿಯರೇ ಶ್ರೇಷ್ಠ ಎನ್ನುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಮುಖಂಡ, ಅಂಥದ್ದೇ ಇನ್ನೊಂದು 'ಆರ್ಯನ್ ನೇಷನ್ಸ್' ಗುಂಪಿಗಾಗಿ ಕಂಪ್ಯೂಟರ್ ಬುಲೆಟಿನ್ ಬೋರ್ಡ್ ಶುರು ಮಾಡಿದ್ದ. ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಸಿಕ್ಕಿಸಿ ಕರೆ ಮಾಡಿದರೆ ಅವರ ಬರಹ ಪರದೆಯ ಮೇಲೆ ಬರುತ್ತಿತ್ತು. (ನಮ್ಮಲ್ಲಿ ಆಗ ಫೋನ್ ಕನೆಕ್ಷನ್ನಿಗೇ ವರ್ಷಗಟ್ಟಲೆ ಕಾಯಬೇಕಿತ್ತು, ಅಲ್ವಾ?) ಇಂಥ ದ್ವೇಷ ಹರಡುವ ಪುಸ್ತಕಗಳನ್ನು ಕೆನಡಾ ಗಡಿಯಲ್ಲೇ ತಡೆಯುತ್ತಿತ್ತು. ಫೋನ್ ತಂತಿಗೆ ಯಾವ ಕಸ್ಟಮ್ಸ್?

ಬದಲಾಗಿರುವುದು ಬೇರೆ. ಆಗ ನಂಬರು ಹುಡುಕಿಕೊಂಡು ನಾವೇ ಹೋಗಬೇಕಿತ್ತು. ಈಗ ಮೀಮ್ ತಾನಾಗಿಯೇ ಮೊಬೈಲಿಗೆ ಬಂದು ಬೀಳುತ್ತದೆ. ಅಮೆರಿಕದ 'ಬೂಗಲೂ' ಎಂಬ ಸರ್ಕಾರ ವಿರೋಧಿ ಗುಂಪಿನ ಹುಡುಗರನ್ನೇ ನೋಡಿ. ಅವರ ಮಾತೆಲ್ಲ ಅಮೆರಿಕದಲ್ಲಿ ಎರಡನೇ ಅಂತರ್ಯುದ್ಧ ಆಗಬೇಕೆಂಬುದರದ್ದು, ಅದಕ್ಕಿಟ್ಟ ಗುಟ್ಟಿನ ಹೆಸರೇ 'ಬೂಗಲೂ'. ಆದರೆ ಆ ಹೆಸರು ಬಳಸಿದರೆ ಸಿಕ್ಕಿಬೀಳುತ್ತೇವೆಂದು ಅದರಂತೆಯೇ ಕೇಳಿಸುವ 'ಬಿಗ್ ಇಗ್ಲೂ' ಅಂದರು, 'ಬಿಗ್ ಲುವಾವ್' ಅಂದರು. ಲುವಾವ್ ಅಂದರೆ ಹವಾಯಿಯ ಔತಣ. ಹಾಗಾಗಿಯೇ ಬಂದೂಕಿನ ಜೊತೆ ಅವರು ಹವಾಯಿಯ ಹೂವಿನ ಅಂಗಿ ತೊಟ್ಟರು! ನೋಡಿದವರಿಗೆ ಸುಮ್ನೆ ತಮಾಷೆ. 2020ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಫೆಡರಲ್ (ಕೇಂದ್ರ ಸರ್ಕಾರದ) ಕಟ್ಟಡ ಕಾಯುತ್ತಿದ್ದ ಅಧಿಕಾರಿಯನ್ನು ಗುಂಡಿಟ್ಟು ಕೊಂದರು. ಬೂಗಲೂ ನಂಟಿನ ಆ ಕೇಸಿನ ಇಬ್ಬರು ಆರೋಪಿಗಳೂ ಪರಿಚಯವಾದದ್ದು ಫೇಸ್‌ಬುಕ್‌ನಲ್ಲೇ. ಆಮೇಲೆ, ಜೂನ್ ಕೊನೆಗೆ, ಫೇಸ್‌ಬುಕ್ ಕಂಪನಿ ಬೂಗಲೂ ನಂಟಿನ 220 ಖಾತೆ, 106 ಗ್ರೂಪ್ ಅಳಿಸಿತು.

ಹೀಗೆ ಹೆಸರು ಬದಲಿಸಿ ತಪ್ಪಿಸಿಕೊಳ್ಳುವ ಆಟದ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ಮುಂದಿನ ಭಾಗದಲ್ಲಾದರೂ ಬರೆಯಿರಿ.