ಬಿಪಿ ಮಾತ್ರೆ ರಾತ್ರಿ ಮಲಗುವಾಗಲೇ ನುಂಗಬೇಕೆ?

ಪರ

ಮುಂಬಯಿಯಲ್ಲಿ ದುಡಿಯುವವರು ಡಾಕ್ಟರ ಬಳಿ ಹೋಗುವುದೇ ಸಂಜೆ, ಕೆಲಸ ಬಿಟ್ಟ ಮೇಲೆ. ಚೀಟಿಯಲ್ಲಿ ಬರೆದ ಬಿಪಿ ಆ ಹೊತ್ತಿನದು ಮಾತ್ರ. ನಿದ್ದೆಯಲ್ಲಿ ರಕ್ತದ ಒತ್ತಡ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯಬೇಕು. ಎಚ್ಚರವಾಗುತ್ತಿದ್ದಂತೆ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಏರಿ ಒತ್ತಡವೂ ಏರುತ್ತದೆ. ಹೃದಯಾಘಾತ, ಲಕ್ವ ಹೆಚ್ಚಾಗಿ ಬಡಿಯುವುದೂ ಬೆಳಗಿನ ಹೊತ್ತಿನಲ್ಲೇ. ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹಿಡಿಯಲು ಸೇತುವೆ ಮೆಟ್ಟಿಲು ಹತ್ತಿಳಿದು, ಆಫೀಸು ಮುಟ್ಟಿದ ಮೇಲೆ ಮಾತ್ರೆ ನುಂಗಿದರೆ ಆ ಏರಿಕೆಗೆ ತಡೆ ಎಲ್ಲಿ? ಲೊಸಾರ್ಟನ್‌ನಂಥ ಬಿಪಿ ಮಾತ್ರೆಯನ್ನು ದಿನಕ್ಕೊಂದು ಬೆಳಿಗ್ಗೆ ತೆಗೆದುಕೊಂಡರೆ ಮರುದಿನ ನಸುಕಿಗೆ ಅದರ ಬಲ ಕುಂದಿರಬಹುದು.

ಇನ್ನು ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರು, ಗೊರಕೆಯ ನಡುವೆ ಉಸಿರು ನಿಲ್ಲುವವರು. ಇವರಲ್ಲಿ ಹಲವರಿಗೆ ರಾತ್ರಿಯೂ ಬಿಪಿ ಇಳಿಯುವುದಿಲ್ಲ. ಇಂಥವರಿಗಾದರೂ ರಾತ್ರಿ ಮಾತ್ರೆಯೇ ಸರಿ.

ವಿರೋಧ

ವಾದ ಚೆನ್ನಾಗಿದೆ, ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ರಾತ್ರಿ ಮಾತ್ರೆಯಿಂದ ಹೃದಯದ ಅವಘಡಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು ಎಂದು 2019ರಲ್ಲಿ ಸ್ಪೇನಿನ ಹೈಜಿಯಾ ಅಧ್ಯಯನ ಹೇಳಿದಾಗ, ಅಷ್ಟು ಲಾಭ ನಂಬುವಂಥದ್ದಲ್ಲ ಎಂದು ತಜ್ಞರೇ ತಕರಾರೆತ್ತಿದರು. 2022ರಲ್ಲಿ ಬಂದ ಬ್ರಿಟನ್ನಿನ ಟೈಮ್ ಅಧ್ಯಯನದಲ್ಲಿ 21,000ಕ್ಕೂ ಹೆಚ್ಚು ಜನರಿದ್ದರು. ಬೆಳಿಗ್ಗೆ ನುಂಗಿದವರಿಗೂ ಸಂಜೆ ನುಂಗಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಅಮ್ಲೊಡಿಪಿನ್ ಎಂಬ ಬಿಪಿ ಮಾತ್ರೆಯ ಅರ್ಧಾಂಶ ರಕ್ತದಿಂದ ಹೋಗಲು 30ರಿಂದ 50 ಗಂಟೆ ಬೇಕು. ಅದಕ್ಕೆ ಹಗಲೇನು, ರಾತ್ರಿಯೇನು?

ತೊಂದರೆಯೂ ಇದೆ. ಮೂತ್ರ ಹೆಚ್ಚಿಸುವ ಮಾತ್ರೆ ರಾತ್ರಿ ನುಂಗಿದ ಅಜ್ಜಿ ಎರಡು ಸಲ ಕತ್ತಲಲ್ಲಿ ಎದ್ದು, ತಲೆ ತಿರುಗಿ ಬಚ್ಚಲಲ್ಲಿ ಬಿದ್ದರೆ ಸೊಂಟದ ಮೂಳೆ ಹೋಯಿತು. ಗ್ಲಾಕೋಮಾ ಎಂಬ ಕಣ್ಣಿನ ನರದ ಕಾಯಿಲೆ ಇದ್ದವರಿಗೆ ರಾತ್ರಿ ಬಿಪಿ ತೀರಾ ಇಳಿದರೆ ಆ ನರಕ್ಕೆ ರಕ್ತ ಸಾಲದೆ ಹೋಗಬಹುದು. ಮಾಟುಂಗದ ಹೋಟೆಲಿನಲ್ಲಿ ನಸುಕಿಗೇ ಇಡ್ಲಿ ಹಿಟ್ಟು ಹೊಯ್ಯಲು ಏಳುವವನಿಗೆ 'ರಾತ್ರಿ' ಎಂದರೆ ಎಷ್ಟು ಗಂಟೆ, ಅದನ್ನೂ ಹೇಳಬೇಕಲ್ಲ!

ಹೊತ್ತು ಬದಲಿಸುವ ಮೊದಲು ಅಳೆಯಿರಿ. ಎದ್ದ ಒಂದು ಗಂಟೆಯೊಳಗೆ, ಮೂತ್ರಕ್ಕೆ ಹೋಗಿ ಬಂದು, ಚಹಾ ಮತ್ತು ಮಾತ್ರೆಗೆ ಮೊದಲು, ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ಮನೆ ಕೂತು, ಪಾದ ನೆಲಕ್ಕೂರಿ. ಬಿಪಿ ಯಂತ್ರದ ಪಟ್ಟಿಯನ್ನು ಬರಿ ತೋಳಿಗೆ ಕಟ್ಟಿ. ತೋಳು ಎದೆಮಟ್ಟದಲ್ಲಿ ಮೇಜಿನ ಮೇಲಿರಲಿ, ಜೋತುಬಿದ್ದರೆ ಅಂಕಿ ಸುಳ್ಳೇ ಏರುತ್ತದೆ. ನಿಮಿಷ ಬಿಟ್ಟು ಇನ್ನೊಮ್ಮೆ. ಸಂಜೆಯೂ ಹೀಗೇ. 7 ದಿನ ಬರೆದಿಟ್ಟು, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ದಾಟಿದರೆ ಬರೆದಿಟ್ಟ ಅಂಕಿಗಳನ್ನು ಡಾಕ್ಟರಿಗೆ ತೋರಿಸಿ. ಗೊರಕೆ, ಕಿಡ್ನಿ ತೊಂದರೆ ಇದ್ದವರು 24 ಗಂಟೆ ಕಟ್ಟಿಕೊಳ್ಳುವ ಯಂತ್ರದ ಬಗ್ಗೆಯೂ ಕೇಳಬೇಕು. ರಾತ್ರಿಯ ಸರಾಸರಿಗೆ ಮಿತಿ 120/70.